ಡ್ಯಾಕ್ ಮೊದಲೋ, ಐಇಎಂ ಮೊದಲೋ? ಸದ್ದು, ಆರಾಮ ಎರಡನ್ನೂ ಮನೆಯಲ್ಲೇ ಹೋಲಿಸಿ ನೋಡುವ ಬಗೆ

"ಎರಡು ಸಾವಿರದ ಐಇಎಂ ಇದೆ. ಇದಕ್ಕೆ ಐದು ಸಾವಿರದ ಡ್ಯಾಕ್ ಹಾಕಿದರೆ ಸೌಂಡ್ ಚೆನ್ನಾಗಾಗುತ್ತಾ?" ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಎಲ್ಲರೂ ಹೊಗಳಿದ್ರು ಅಂತ ತರಿಸಿದೆ. ಬೇಸ್ ಇಲ್ಲವೇ ಇಲ್ಲ, ಅರ್ಧ ಗಂಟೆಗೆ ಕಿವಿ ನೋವು. ಏನು ಮಾಡಲಿ?"

ಐಇಎಂ ಅಂದರೆ ಕಿವಿಯೊಳಗೆ ಕೂರುವ ಇಯರ್‌ಫೋನ್, ಡ್ಯಾಕ್ ಅಂದರೆ ಅದನ್ನು ಫೋನಿಗೆ ಜೋಡಿಸುವ ಪುಟ್ಟ ಸಾಧನ. ಎರಡು ಪ್ರಶ್ನೆಗೂ ಸೇರಿಸಿಯೇ ಉತ್ತರ ಹೇಳುತ್ತೇನೆ. ಕಿವಿಗೆ ಗೊತ್ತಾಗುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಐಇಎಂನದು, ಮತ್ತೆ ಅದು ನಿಮ್ಮ ಕಿವಿಯಲ್ಲಿ ಹೇಗೆ ಕೂತಿದೆ ಅನ್ನುವುದರದು. ಡ್ಯಾಕ್‌ನ ಪಾಲು ಚಿಕ್ಕದು, ಅದೂ ಕೆಲವು ಸಂದರ್ಭಗಳಲ್ಲಿ ಮಾತ್ರ. ಹಾಗಾಗಿ ಹೋಲಿಕೆಯನ್ನು ಕಿವಿಯಿಂದ ಶುರು ಮಾಡಿ ಫೋನಿನ ಕಡೆಗೆ ಬರಬೇಕು. ಹೆಚ್ಚಿನವರು ಮಾಡುವುದು ಇದರ ಉಲ್ಟಾ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ

ಡ್ಯಾಕ್ ಅಂದರೆ ಫೋನಿನಲ್ಲಿ ಅಂಕಿಗಳಾಗಿ ಕೂತಿರುವ ಹಾಡನ್ನು ವಿದ್ಯುತ್ ಅಲೆಯಾಗಿ ಬದಲಾಯಿಸುವ ಚಿಪ್. ಇದು ಪ್ರತಿ ಫೋನಿನಲ್ಲೂ ಇದೆ, ಇಲ್ಲದಿದ್ದರೆ ಸ್ಪೀಕರ್ ಸದ್ದೇ ಮಾಡುವುದಿಲ್ಲ. 2016ರಲ್ಲಿ ಐಫೋನ್ 7 ಹೆಡ್‌ಫೋನ್ ಜ್ಯಾಕ್ ಬಿಟ್ಟಿತು. ಆಮೇಲೆ ಬೇರೆ ಕಂಪನಿಗಳೂ ಒಂದೊಂದಾಗಿ ಬಿಟ್ಟವು. ಆಗ ಬಂದಿದ್ದೇ ಈ ಬೆರಳುದ್ದದ ಡಾಂಗಲ್‌ಗಳು. ಒಂದು ತುದಿಯಲ್ಲಿ ಟೈಪ್-ಸಿ, ಇನ್ನೊಂದು ತುದಿಯಲ್ಲಿ 3.5 ಎಂಎಂ ಜ್ಯಾಕ್. ಒಳಗೆ ಡ್ಯಾಕ್ ಜೊತೆ ಒಂದು ಪುಟ್ಟ ಆಂಪ್ಲಿಫೈಯರ್ ಕೂಡ ಇರುತ್ತದೆ. ಈ ಲೇಖನದಲ್ಲಿ ಡ್ಯಾಕ್ ಅಂದಾಗಲೆಲ್ಲ ಈ ಡಾಂಗಲ್ ಅಂತಲೇ ತಿಳಿದುಕೊಳ್ಳಿ.

ಐಇಎಂ ಅಂದರೆ ಇನ್-ಇಯರ್ ಮಾನಿಟರ್. ಕಿವಿಯ ತೂತಿನೊಳಗೆ ಸ್ವಲ್ಪ ಹೋಗಿ ಕೂರುತ್ತದೆ, ವೈರು ಕಿವಿಯ ಮೇಲಿಂದ ಸುತ್ತಿ ಹಿಂದೆ ಇಳಿಯುತ್ತದೆ. ವೇದಿಕೆಯ ಗಲಾಟೆಯಲ್ಲಿ ತಮ್ಮ ಹಾಡು ತಮಗೆ ಕೇಳಲಿ ಅಂತ ಕಲಾವಿದರಿಗೆ ಮಾಡಿದ ಸಾಧನ ಇದು. ಅದರೊಳಗೆ ಸದ್ದು ಹುಟ್ಟಿಸುವ ಭಾಗಕ್ಕೆ ಡ್ರೈವರ್ ಅನ್ನುತ್ತಾರೆ. ಕಿವಿಗೆ ಹೋಗುವ ಮೂತಿ ನಾಝಲ್. ಅದರ ಮೇಲಿನ ರಬ್ಬರ್ ಟೋಪಿಯೇ ಟಿಪ್. ಈ ಟಿಪ್ ಅನ್ನು ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅರ್ಧ ತೊಂದರೆ ಅಲ್ಲೇ ಇರುತ್ತದೆ.

ಹೋಲಿಕೆಗೆ ಬೇಕಾದದ್ದು: ನಿಮ್ಮ ಐಇಎಂಗಳು, ಡಾಂಗಲ್‌ಗಳು, ಪೆಟ್ಟಿಗೆಯಲ್ಲಿ ಬಂದ ಎಲ್ಲ ಅಳತೆಯ ಟಿಪ್‌ಗಳು, ಚೆನ್ನಾಗಿ ಗೊತ್ತಿರುವ ನಾಲ್ಕೈದು ಹಾಡು, ಬರೆದುಕೊಳ್ಳಲು ಒಂದು ಹಾಳೆ. ಕೊನೆಯ ಪರೀಕ್ಷೆಗೆ ಒಬ್ಬ ಗೆಳೆಯನೋ ಗೆಳತಿಯೋ ಜೊತೆಗಿದ್ದರೆ ಒಳ್ಳೆಯದು.

1. ಫೋನನ್ನು ಸಿದ್ಧ ಮಾಡಿ

ಡಾಲ್ಬಿ, ಈಕ್ವಲೈಜರ್, "ಬೇಸ್ ಬೂಸ್ಟ್" ಏನೇ ಇದ್ದರೂ ಆಫ್ ಮಾಡಿ. ಇವು ಆನ್ ಇದ್ದರೆ ನೀವು ಹೋಲಿಸುವುದು ಸಾಫ್ಟ್‌ವೇರನ್ನು. ಹಾಡಿನ ಆ್ಯಪ್‌ನಲ್ಲಿ ಗುಣಮಟ್ಟವನ್ನು ಒಂದೇ ಹಂತಕ್ಕೆ ನಿಲ್ಲಿಸಿ. "ಆಟೋ"ದಲ್ಲಿ ಬಿಟ್ಟರೆ ನೆಟ್‌ವರ್ಕ್ ಕುಸಿದಾಗ ಹಾಡೂ ಕುಸಿಯುತ್ತದೆ.

ಡಾಂಗಲ್ ಚುಚ್ಚಿದರೂ ಸದ್ದು ಸ್ಪೀಕರಿನಿಂದಲೇ ಬರುತ್ತಿದೆಯಾ? ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್, ವಿವೋ ಫೋನುಗಳಲ್ಲಿ ಒಟಿಜಿ ಅನ್ನುವ ಸ್ವಿಚ್ ಸೆಟ್ಟಿಂಗ್ಸ್ ಒಳಗೆ ಇರುತ್ತದೆ, ಅದನ್ನು ಆನ್ ಮಾಡಬೇಕು. ಹಲವು ಮಾಡೆಲ್‌ಗಳಲ್ಲಿ ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನೇ ಆಫ್ ಆಗುತ್ತದೆ. "ಡಾಂಗಲ್ ಸತ್ತೋಯ್ತು" ಅನ್ನುವ ದೂರುಗಳಲ್ಲಿ ಒಂದಷ್ಟು ಈ ಸ್ವಿಚ್‌ನದೇ.

ಎಚ್ಚರ: ನೂರಿನ್ನೂರು ರೂಪಾಯಿಯ ಎಷ್ಟೋ ಟೈಪ್-ಸಿ ಅಡಾಪ್ಟರ್‌ಗಳಲ್ಲಿ ಡ್ಯಾಕ್ ಚಿಪ್ ಇರುವುದೇ ಇಲ್ಲ, ಬರೀ ತಂತಿ. ಟೈಪ್-ಸಿ ಮೂಲಕವೇ ಅನಲಾಗ್ ಸದ್ದು ಕಳಿಸುವ ಕೆಲವು ಫೋನುಗಳಲ್ಲಿ ಮಾತ್ರ ಅವು ಕೆಲಸ ಮಾಡುತ್ತವೆ. ಪೆಟ್ಟಿಗೆ ಮೇಲೆ "ಡ್ಯಾಕ್ ಇದೆ" ಅಂತ ಬರೆದಿರದಿದ್ದರೆ ಕೈಹಾಕಬೇಡಿ.

ಇನ್ನೊಂದು ಎಚ್ಚರ: ಡಾಂಗಲ್ ಬದಲಾಯಿಸಿದಾಗಲೆಲ್ಲ ವಾಲ್ಯೂಮ್ ಪೂರ್ತಿ ಇಳಿಸಿ, ಹಾಡು ಶುರು ಮಾಡಿ, ಆಮೇಲೆ ಕಿವಿಗೆ ಹಾಕಿ. ಫೋನಿನ ವಾಲ್ಯೂಮ್ ಒಂದೇ ಇದ್ದರೂ ಒಂದು ಡಾಂಗಲ್ ಪಿಸುಗುಟ್ಟಬಹುದು, ಇನ್ನೊಂದು ಕಿವಿ ಹರಿಯುವಂತೆ ಕೂಗಬಹುದು.

2. ಟಿಪ್ ಸರಿ ಮಾಡಿ. ಇದೇ ಮುಖ್ಯ ಹಂತ

ಐಇಎಂನ ಬೇಸ್ ನಿಂತಿರುವುದು ಗಾಳಿ ಸೋರದ ಹಾಗೆ ಕಿವಿ ಮುಚ್ಚಿಕೊಳ್ಳುವುದರ ಮೇಲೆ. ಇದಕ್ಕೆ ಸೀಲ್ ಅನ್ನುತ್ತಾರೆ. ಒಂದು ಸಣ್ಣ ಸಂದು ಸಾಕು, ಮೃದಂಗದ ಎಡಗೈ ಪೆಟ್ಟು ಮಾಯ. ಬೇಸ್ ಹೋದ ಕೂಡಲೇ ಮೇಲಿನ ಸದ್ದು (ಟ್ರೆಬಲ್) ಜಾಸ್ತಿ ಅನ್ನಿಸಿ ಕಿವಿಗೆ ಚುಚ್ಚುತ್ತದೆ. "ಈ ಐಇಎಂ ತೆಳ್ಳಗೆ ಕೇಳುತ್ತೆ" ಅಂತ ಬರೆಯುವವರಲ್ಲಿ ಎಷ್ಟೋ ಜನ ಐಇಎಂ ಬಗ್ಗೆ ಅಲ್ಲ, ಸೋರುವ ಟಿಪ್ ಬಗ್ಗೆ ಬರೆಯುತ್ತಿದ್ದಾರೆ.

ಹಾಕುವ ಕ್ರಮ ಹೀಗೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ತೂತು ನೇರವಾಗುತ್ತದೆ. ಬಾಯಿ ಸ್ವಲ್ಪ ತೆರೆದು, ಐಇಎಂ ಅನ್ನು ತಿರುಗಿಸುತ್ತಾ ಒಳಗೆ ಕೂರಿಸಿ. ಕಿವಿ ಬಿಡಿ. ಈಗ ಬೇಸ್ ಇರುವ ಹಾಡು ಹಾಕಿ ಎರಡೂ ಕಡೆ ಬೆರಳಿನಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಬೇಸ್ ತಟ್ಟನೆ ಜಾಸ್ತಿಯಾದರೆ ನಿಮ್ಮ ಟಿಪ್ ಸೋರುತ್ತಿದೆ. ಒಂದು ಅಳತೆ ದೊಡ್ಡದು ಹಾಕಿ ನೋಡಿ. ದೊಡ್ಡದು ಹಾಕಿದ ಮೇಲೂ ಸೋರುತ್ತಿದ್ದರೆ ಚಿಕ್ಕದನ್ನೂ ನೋಡಿ. ಚಿಕ್ಕ ಟಿಪ್ ಆಳಕ್ಕೆ ಹೋಗಿ ಅಲ್ಲಿ ಸರಿಯಾಗಿ ಮುಚ್ಚಿಕೊಳ್ಳುವುದುಂಟು.

ಎರಡೂ ಕಿವಿಗೆ ಒಂದೇ ಅಳತೆ ಅಂತ ಯಾರೂ ಹೇಳಿಲ್ಲ. ಒಂದು ಕಡೆ ಎಂ, ಇನ್ನೊಂದು ಕಡೆ ಎಲ್ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಹಾಡುವವರ ದನಿ ನಡುವಿನಿಂದ ಒಂದು ಬದಿಗೆ ಸರಿದಂತೆ ಕೇಳಿದರೆ ಮೊದಲು ಇದನ್ನೇ ನೋಡಿ.

ಸಿಲಿಕೋನ್ ಟಿಪ್ ತೊಳೆಯಬಹುದು, ತುಂಬ ದಿನ ಬಾಳುತ್ತದೆ. ಫೋಮ್ ಟಿಪ್ ಹೊರಗಿನ ಗಲಾಟೆಯನ್ನು ಹೆಚ್ಚು ತಡೆಯುತ್ತದೆ, ಮೇಲಿನ ಸದ್ದನ್ನು ತುಸು ಮಂದ ಮಾಡುತ್ತದೆ, ಆದರೆ ಕೆಲವು ತಿಂಗಳಲ್ಲಿ ಸವೆದು ಗಟ್ಟಿಯಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಬೆವರಿಗೆ ನನ್ನ ಆಯ್ಕೆ ಸಿಲಿಕೋನ್. ಪೆಟ್ಟಿಗೆಯ ಟಿಪ್ ಯಾವುದೂ ಒಗ್ಗದಿದ್ದರೆ ಸ್ಪಿನ್‌ಫಿಟ್, ಫೈನಲ್, ಆಜ್ಲಾ ಥರದ ಕಂಪನಿಗಳ ಟಿಪ್ ಬೇರೆಯಾಗಿಯೇ ಸಿಗುತ್ತವೆ. ಹೊಸ ಡಾಂಗಲ್‌ಗೆ ಇಟ್ಟ ದುಡ್ಡಿನಲ್ಲಿ ಒಂದು ಭಾಗ ಇಲ್ಲಿ ಹಾಕಿದರೆ ಫಲ ಜಾಸ್ತಿ.

3. ಒಂದು ಗಂಟೆ ಹಾಕಿಕೊಂಡೇ ಇರಿ

ಅಂಗಡಿಯಲ್ಲಿ ಐದು ನಿಮಿಷ ಹಾಕಿದರೆ ಎಲ್ಲವೂ ಆರಾಮ ಅನ್ನಿಸುತ್ತದೆ. ನೋವು ಶುರುವಾಗುವುದು ಆಮೇಲೆ. ಮನೆಯಲ್ಲಿ ಸದ್ದಿನ ಬಗ್ಗೆ ತಲೆ ಕೆಡಿಸಿಕೊಳ್ಳದೆ, ಯಾವುದಾದರೂ ಕೆಲಸ ಮಾಡುತ್ತಾ ಒಂದು ಗಂಟೆ ಹಾಕಿಕೊಳ್ಳಿ. ನೋವು ಬಂದರೆ ಎಲ್ಲಿ ಅಂತ ಗಮನಿಸಿ.

ತೂತಿನ ಒಳಗೆ ನೋವಿದ್ದರೆ ಟಿಪ್ ದೊಡ್ಡದಾಗಿದೆ, ಇಲ್ಲವೇ ನಾಝಲ್ ದಪ್ಪ. ಟಿಪ್ ಬದಲಾಯಿಸಬಹುದು, ನಾಝಲ್‌ನ ದಪ್ಪ ಬದಲಾಯಿಸಲು ಆಗುವುದಿಲ್ಲ. ಕಿವಿ ಸಣ್ಣದಿರುವವರು ಕೊಳ್ಳುವ ಮೊದಲೇ ನಾಝಲ್‌ನ ದಪ್ಪ ನೋಡಿಕೊಳ್ಳಿ. 6 ಎಂಎಂ ದಾಟಿದರೆ ಹುಷಾರು. ಹೊರಗಿನ ಬಟ್ಟಲಿನಲ್ಲಿ ನೋವಿದ್ದರೆ ಐಇಎಂನ ಮೈ, ಅಂದರೆ ಶೆಲ್, ನಿಮ್ಮ ಕಿವಿಯ ಮಡಿಕೆಗೆ ಒತ್ತುತ್ತಿದೆ. ಅದಕ್ಕೆ ಪರಿಹಾರವಿಲ್ಲ, ಬೇರೆ ಮಾಡೆಲ್ ನೋಡುವುದೇ ಸರಿ. ಕಿವಿಯ ಮೇಲೆ ನೋವಿದ್ದರೆ ಅದು ವೈರಿನ ಗಟ್ಟಿ ಬಾಗು. ಕನ್ನಡಕ ಹಾಕುವವರಿಗೆ ಇದು ಬೇಗ ಗೊತ್ತಾಗುತ್ತದೆ, ಅಲ್ಲಿ ಮೊದಲೇ ಕನ್ನಡಕದ ಕಾಲು ಕೂತಿರುತ್ತದಲ್ವಾ. ವೈರು ಕಳಚುವಂಥದ್ದಾದರೆ ಮೆತ್ತನೆಯದು ಹಾಕಿಕೊಳ್ಳಬಹುದು.

ಹಾಕುವಾಗ ಪ್ಲಾಸ್ಟಿಕ್ ಕಾಗದ ಮುದುರಿದಂತೆ ಚರಚರ ಸದ್ದು ಬಂದರೆ ಗಾಬರಿ ಬೇಡ. ಗಾಳಿಯ ಒತ್ತಡಕ್ಕೆ ಡ್ರೈವರಿನ ತೆಳು ಪೊರೆ ಬಾಗುವ ಸದ್ದು ಅದು. ನಿಧಾನವಾಗಿ ಹಾಕಿ. ಸ್ವಲ್ಪ ನಡೆದೂ ನೋಡಿ. ಹೆಜ್ಜೆ ಇಟ್ಟಾಗ ಧಪ್ ಧಪ್ ಅನ್ನುವುದು, ವೈರು ಅಂಗಿಗೆ ಉಜ್ಜಿದಾಗ ಗರಗರ ಅನ್ನುವುದು, ತಿನ್ನುವಾಗ ದವಡೆಯ ಸದ್ದು, ಇವೆಲ್ಲ ಕಿವಿ ಗಟ್ಟಿಯಾಗಿ ಮುಚ್ಚಿದ್ದರ ಅಡ್ಡ ಪರಿಣಾಮ. ವೈರನ್ನು ಕಿವಿಯ ಮೇಲಿಂದ ಸುತ್ತಿ ಗದ್ದದ ಕೆಳಗಿನ ಗುಂಡಿ ಬಿಗಿ ಮಾಡಿದರೆ ಗರಗರ ಬಹಳ ಕಡಿಮೆಯಾಗುತ್ತದೆ. ದವಡೆಯ ಸದ್ದಿಗೆ ಮದ್ದಿಲ್ಲ. ಅದು ಆಗಿಬರದಿದ್ದರೆ ಐಇಎಂ ನಿಮಗಲ್ಲ, ಹೆಡ್‌ಫೋನ್ ನೋಡಿ.

ರಸ್ತೆ ದಾಟುವಾಗ, ಗಾಡಿ ಓಡಿಸುವಾಗ ಇದನ್ನು ಹಾಕಲೇಬೇಡಿ. ಹಾರ್ನ್ ಕೇಳುವುದಿಲ್ಲ.

4. ಸದ್ದಿನ ಮಟ್ಟ ಸಮ ಮಾಡಿ

ಎರಡು ಸಾಧನಗಳಲ್ಲಿ ಯಾವುದು ಒಂದು ಚೂರು ಜೋರಾಗಿದೆಯೋ ಅದೇ "ಚೆನ್ನಾಗಿದೆ, ವಿವರ ಜಾಸ್ತಿ" ಅನ್ನಿಸುತ್ತದೆ. ಒಂದು ಡೆಸಿಬೆಲ್ ವ್ಯತ್ಯಾಸ ನಮಗೆ ಜೋರು ಅಂತ ಗೊತ್ತಾಗುವುದಿಲ್ಲ, ಚೆಂದ ಅಂತ ಗೊತ್ತಾಗುತ್ತದೆ. ಡಾಂಗಲ್ ಬಗ್ಗೆ ಇರುವ ಉದ್ದುದ್ದ ವರ್ಣನೆಗಳಲ್ಲಿ ಬಹಳಷ್ಟು ಇಲ್ಲೇ ಹುಟ್ಟಿದ್ದು ಅಂತ ನನ್ನ ಅನುಮಾನ.

ಐಇಎಂ-ಐಇಎಂ ಹೋಲಿಸುವಾಗ ಒಬ್ಬರೇ ಹಾಡುವ ಭಾಗ ಹಾಕಿ, ದನಿ ಎರಡರಲ್ಲೂ ಒಂದೇ ಜೋರಾಗಿ ಕೇಳುವಂತೆ ಕಿವಿಯಲ್ಲೇ ಹೊಂದಿಸಿಕೊಂಡರೆ ಸಾಕು. ಡಾಂಗಲ್-ಡಾಂಗಲ್ ಹೋಲಿಕೆಗೆ ಕಿವಿ ಸಾಲದು, ಮಲ್ಟಿಮೀಟರ್ ಬೇಕು. 100 ಹರ್ಟ್ಸ್‌ನ ಒಂದೇ ಸ್ವರದ ಫೈಲ್ ಹಾಕಿ. ಡಾಂಗಲ್‌ಗೆ ಆಕ್ಸ್ ವೈರ್ (ಎರಡೂ ತುದಿಯಲ್ಲಿ 3.5 ಎಂಎಂ ಪಿನ್ ಇರುವುದು) ಚುಚ್ಚಿ, ಅದರ ಇನ್ನೊಂದು ತುದಿಯ ಪಿನ್ನಿನ ಮೂತಿಗೂ ಬುಡಕ್ಕೂ ಮೀಟರಿನ ಕಡ್ಡಿ ಮುಟ್ಟಿಸಿ, ಎಸಿ ವೋಲ್ಟೇಜ್ ಓದಿ. ಒಂದರಲ್ಲಿ 100 ಮಿಲಿವೋಲ್ಟ್ ಬಂದರೆ ಇನ್ನೊಂದರಲ್ಲೂ ಅಷ್ಟೇ ಬರಬೇಕು. 112 ಬಂದರೆ ಅದೇ ಒಂದು ಡೆಸಿಬೆಲ್ ವ್ಯತ್ಯಾಸ. ಎರಡು ಮೂರು ಮಿಲಿವೋಲ್ಟ್ ಆಚೀಚೆ ಆದರೆ ಪರವಾಗಿಲ್ಲ.

ಎಚ್ಚರ: ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಅಗ್ಗದ ಹಳದಿ ಮೀಟರ್‌ಗಳಲ್ಲಿ ಎಸಿಯ ಕನಿಷ್ಠ ರೇಂಜ್ ಸಾಮಾನ್ಯವಾಗಿ 200 ವೋಲ್ಟ್. ಅದರಲ್ಲಿ ಮಿಲಿವೋಲ್ಟ್ ಓದಲು ಆಗುವುದಿಲ್ಲ. ಎಸಿಯಲ್ಲಿ 2 ವೋಲ್ಟ್ ಅಥವಾ ಮಿಲಿವೋಲ್ಟ್ ರೇಂಜ್ ಇರುವುದು ಬೇಕು. ಫೋನಿನ ವಾಲ್ಯೂಮ್ ಮೆಟ್ಟಿಲುಗಳೂ ದಪ್ಪ. ಎರಡನ್ನೂ ಸಮ ಮಾಡಲು ಆಗದಿದ್ದರೆ, ಸಣ್ಣ ಮೆಟ್ಟಿಲುಗಳ ವಾಲ್ಯೂಮ್ ಇರುವ ಪ್ಲೇಯರ್ ಆ್ಯಪ್ ಬಳಸಿ.

5. ಈಗ ಐಇಎಂ ಕೇಳಿ

ಸಿನಿಮಾ ಹಾಡುಗಳಿಂದ ಶುರು ಮಾಡಬೇಡಿ. ಅವುಗಳಲ್ಲಿ ಎಲ್ಲವೂ ಒಟ್ಟಿಗೆ ತುಂಬಿರುತ್ತದೆ. ಒಂದೊಂದು ಗುಣಕ್ಕೆ ಒಂದೊಂದು ರೆಕಾರ್ಡಿಂಗ್ ಇಟ್ಟುಕೊಳ್ಳಿ.

ಬೇಸ್‌ಗೆ ಮೃದಂಗದ ತನಿ ಆವರ್ತನ. ಎಡಗೈಯ ಗುಮ್ ಮತ್ತು ಬಲಗೈಯ ಚಾಪು ಬೇರೆ ಬೇರೆಯಾಗಿ ಕೇಳಬೇಕು. ಗುಮ್ ಅನ್ನುವುದು ತಂಬೂರಿಯ ಮೇಲೆ ಹರಡಿಕೊಂಡು ಅದನ್ನು ಮುಚ್ಚುತ್ತಿದ್ದರೆ ಬೇಸ್ ಅತಿಯಾಗಿದೆ. ನಡುವಿನ ಸದ್ದಿಗೆ ಗಂಡಸರದೊಂದು, ಹೆಂಗಸರದೊಂದು ದನಿ. ಮನುಷ್ಯರ ಕಿವಿಯ ಆಕಾರವೇ 3 ಕಿಲೋಹರ್ಟ್ಸ್ ಸುತ್ತಮುತ್ತಲಿನ ಸದ್ದನ್ನು ಎತ್ತಿಕೊಡುತ್ತದೆ. ಐಇಎಂ ಒಳಗೇ ಕೂರುವುದರಿಂದ ಆ ಎತ್ತರವನ್ನು ತಾನೇ ಒದಗಿಸಬೇಕು. ಕಡಿಮೆಯಾದರೆ ದನಿ ಗೋಡೆಯ ಆಚೆಯಿಂದ ಬಂದಂತೆ, ಜಾಸ್ತಿಯಾದರೆ ಮುಖಕ್ಕೇ ಬಂದು ಕಿರುಚಿದಂತೆ.

ಮೇಲಿನ ಸದ್ದಿಗೆ ಯಕ್ಷಗಾನದ ಚೆಂಡೆಗಿಂತ ಕಠಿಣ ಪರೀಕ್ಷೆ ನನಗೆ ಗೊತ್ತಿಲ್ಲ. ಪೆಟ್ಟು ಚುರುಕಾಗಿ ಕೇಳಬೇಕು, ಆದರೆ ಹತ್ತು ನಿಮಿಷಕ್ಕೆ ಹಣೆ ಸಿಡಿಯಬಾರದು. ಹಾಗೆಯೇ ಸುದ್ದಿ ಓದುವವರ ದನಿ ಹಾಕಿ ಸ, ಶ, ಚ ಬರುವಾಗ ಗಮನಿಸಿ. ಆ ಅಕ್ಷರಗಳಲ್ಲಿ ಮಾತ್ರ ಸೀಳಿದಂತೆ ಸದ್ದು ಬಂದರೆ 5ರಿಂದ 8 ಕಿಲೋಹರ್ಟ್ಸ್ ಜಾಗದಲ್ಲಿ ಏರು ಜಾಸ್ತಿ ಇದೆ ಅಂತ ಲೆಕ್ಕ. ತಕ್ಷಣ ತೀರ್ಪು ಕೊಡಬೇಡಿ. ಟಿಪ್ ಬದಲಾಯಿಸಿ, ಇನ್ನೊಂದಿಷ್ಟು ಆಳಕ್ಕೆ ಕೂರಿಸಿ ಮತ್ತೆ ಕೇಳಿ. ಆಳ ಬದಲಾದರೆ ಈ ಏರೂ ಜಾಗ ಬದಲಾಯಿಸುತ್ತದೆ.

ಯಾವ ಸ್ವರ ಎಷ್ಟು ಜೋರು ಅಂತ ತೋರಿಸುವ ಗ್ರಾಫ್ ನೋಡಿ ಕೊಳ್ಳುವವರಿಗೂ ಇದೇ ಮಾತು. ಅಳತೆ ಯಂತ್ರದಲ್ಲಿ 8 ಕಿಲೋಹರ್ಟ್ಸ್ ಹತ್ತಿರ ಕಾಣುವ ಶಿಖರ ಹೆಚ್ಚಾಗಿ ಆ ಯಂತ್ರದ ಕೊಳವೆಯ ಗುಣ. ಬೇಸ್‌ನಿಂದ 5 ಕಿಲೋಹರ್ಟ್ಸ್‌ವರೆಗೆ ಗ್ರಾಫ್ ನಂಬಬಹುದು. ಅದರ ಮೇಲೆ ನಿಮ್ಮ ಕಿವಿಯೇ ಗತಿ.

ಒಂದು ಐಇಎಂ ಅನ್ನು ಎರಡು ಮೂರು ದಿನ ಕೇಳಿ, ಆಮೇಲೆ ಇನ್ನೊಂದಕ್ಕೆ ಬನ್ನಿ. "ನೂರು ಗಂಟೆ ಬರ್ನ್-ಇನ್ ಮಾಡಿ, ಸದ್ದು ತೆರೆದುಕೊಳ್ಳುತ್ತೆ" ಅಂತಾರೆ, ಅಂದರೆ ಹಾಡು ಓಡಿಸುತ್ತಲೇ ಇಟ್ಟು ಪಳಗಿಸಿ ಅಂತ. ಹೆಚ್ಚಾಗಿ ತೆರೆದುಕೊಳ್ಳುವುದು ನಮ್ಮ ಕಿವಿ, ಅಂದರೆ ಅಭ್ಯಾಸ.

6. ಕೊನೆಗೆ ಡ್ಯಾಕ್

ಇಷ್ಟವಾದ ಒಂದೇ ಐಇಎಂ ಇಟ್ಟುಕೊಂಡು ಡಾಂಗಲ್ ಬದಲಾಯಿಸಿ. ಮೊದಲು ಹಾಡಿಲ್ಲದೆ ಕೇಳಿ. ರಾತ್ರಿ, ಫ್ಯಾನ್ ಆಫ್ ಮಾಡಿ, ಸದ್ದೇ ಇಲ್ಲದ ಒಂದು ಫೈಲ್ ಹಾಕಿ. ಹಿಂದೆ ಸುಯ್ ಅನ್ನುವ ಸದ್ದು ಇದೆಯಾ? ಸೂಕ್ಷ್ಮ (ಅಂದರೆ ಕಡಿಮೆ ಶಕ್ತಿಗೇ ಜೋರಾಗಿ ಕೇಳುವ) ಐಇಎಂಗಳಲ್ಲಿ ಕೆಲವು ಡಾಂಗಲ್ ಹೀಗೆ ಸುಯ್ಗುಡುತ್ತವೆ. ಆಮೇಲೆ ಮೊಬೈಲ್ ಡೇಟಾ ಆನ್ ಮಾಡಿ ಫೋನನ್ನು ಡಾಂಗಲ್‌ಗೆ ತಾಗಿಸಿ ಇಡಿ. ಟಿಕ್ ಟಿಕ್, ಗುರ್ ಅಂದರೆ ರೇಡಿಯೋ ಅಲೆಗಳ ತಡೆ ಸರಿಯಿಲ್ಲ. ಈ ಎರಡು ವ್ಯತ್ಯಾಸ ನಿಜವಾದವು, ಯಾರ ಕಿವಿಗಾದರೂ ಕೇಳುತ್ತವೆ.

ಮುಂದಿನದು ಶಕ್ತಿ. ಜಾಹೀರಾತು ಜಾಸ್ತಿ ಮಾರುವುದು ಇದನ್ನೇ, ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ. ಒಂದು ಐಇಎಂ 32 ಓಮ್ (ಅದು ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ), ಒಂದು ಮಿಲಿವ್ಯಾಟ್‌ಗೆ 105 ಡೆಸಿಬೆಲ್ ಸದ್ದು ಅಂತಿಟ್ಟುಕೊಳ್ಳಿ. ವೋಲ್ಟ್ ಲೆಕ್ಕಕ್ಕೆ ತಂದರೆ 1 ವೋಲ್ಟ್‌ಗೆ ಸುಮಾರು 120 ಡೆಸಿಬೆಲ್. ಅರ್ಧ ವೋಲ್ಟ್‌ಗೆ 114. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಹಾಡಿನ ನಡುವೆ ಬರುವ ಜೋರು ಪೆಟ್ಟುಗಳಿಗೆ ಅದರ ಮೇಲೆ ಇನ್ನೊಂದು 20 ಬಿಟ್ಟರೂ 100. ಅಂದರೆ ಅರ್ಧ ವೋಲ್ಟ್ ಕೊಡುವ ಡಾಂಗಲ್ ಕೂಡ ಬೇಕಾದ್ದಕ್ಕಿಂತ ಜಾಸ್ತಿಯೇ ಕೊಡುತ್ತದೆ. ದೊಡ್ಡ ಡಾಂಗಲ್ ಬೇಕಾಗುವುದು ಸೂಕ್ಷ್ಮತೆ ತೀರಾ ಕಡಿಮೆ ಇರುವ ಕೆಲವು ಪ್ಲೇನಾರ್ (ಚಪ್ಪಟೆ ಪೊರೆಯ ಡ್ರೈವರ್ ಇರುವ) ಐಇಎಂಗಳಿಗೆ, ಅಥವಾ ಸೆನ್‌ಹೈಸರ್ ಎಚ್‌ಡಿ 600 ಥರದ 300 ಓಮ್ ಹೆಡ್‌ಫೋನ್‌ಗಳಿಗೆ.

ಔಟ್‌ಪುಟ್ ಇಂಪೆಡೆನ್ಸ್ ಅನ್ನುವ ಸಂಖ್ಯೆಯನ್ನು ಮಾತ್ರ ನೋಡಿ. ಡಾಂಗಲ್ ತನ್ನೊಳಗೇ ಒಡ್ಡುವ ತಡೆ ಅದು. ಐಇಎಂನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ. 16 ಓಮ್ ಐಇಎಂಗೆ 2 ಓಮ್ ಒಳಗೆ. ಇದು ಜಾಸ್ತಿ ಇದ್ದರೆ, ಹಲವು ಡ್ರೈವರ್ ಇರುವ ಐಇಎಂಗಳಲ್ಲಿ ಸದ್ದಿನ ಬಣ್ಣವೇ ಬದಲಾಗುತ್ತದೆ. ಇನ್ನು 32 ಬಿಟ್, 768 ಕಿಲೋಹರ್ಟ್ಸ್ ಅಂತ ಪೆಟ್ಟಿಗೆ ಮೇಲಿರುವ ದೊಡ್ಡ ಸಂಖ್ಯೆಗಳನ್ನು ಸುಮ್ನೆ ಬಿಟ್ಟುಬಿಡಿ. ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸ್ ಮನುಷ್ಯರ ಕಿವಿಗೆ ಕೇಳುವ ಪೂರ್ತಿ ವ್ಯಾಪ್ತಿಯನ್ನು ಆಗಲೇ ಒಳಗೊಂಡಿದೆ.

ಇಷ್ಟಾದ ಮೇಲೂ "ಇದು ಬೆಚ್ಚಗಿದೆ, ಅದು ತೆರೆದಿದೆ" ಅನ್ನಿಸುತ್ತಿದೆಯಾ? ಮಟ್ಟ ಸಮ ಮಾಡಿ, ಕಣ್ಣು ಮುಚ್ಚಿ ಕೂರಿ. ಗೆಳೆಯರು ನಾಣ್ಯ ಚಿಮ್ಮಿ ಯಾವ ಡಾಂಗಲ್ ಅಂತ ಆರಿಸಿ ಹಾಕಲಿ, ನೀವು ಹೇಳಿ. ಹತ್ತು ಸಲ ಮಾಡಿ. 9 ಸರಿಯಾದರೆ ನಿಮಗೆ ನಿಜವಾಗಿ ಕೇಳುತ್ತಿದೆ. 6, 7 ಅಂದರೆ ಬರೀ ಊಹೆಯಿಂದಲೂ ಬರುತ್ತದೆ.

ಎಚ್ಚರ: 4.4 ಎಂಎಂ ಬ್ಯಾಲೆನ್ಸ್ಡ್ ಜ್ಯಾಕ್ ಇರುವ ಡಾಂಗಲ್‌ಗೆ, 3.5 ಎಂಎಂ ಐಇಎಂ ಅನ್ನು ಅಡಾಪ್ಟರ್ ಹಾಕಿ ಚುಚ್ಚಬೇಡಿ. ಬ್ಯಾಲೆನ್ಸ್ಡ್‌ನಲ್ಲಿ ಎಡಬಲದ ನೆಗೆಟಿವ್ ತಂತಿಗಳು ಬೇರೆ ಬೇರೆ. ಅಡಾಪ್ಟರ್ ಅವನ್ನು ಒಂದು ಮಾಡಿ ಶಾರ್ಟ್ ಮಾಡಿಬಿಡುತ್ತದೆ, ಡಾಂಗಲ್ ಸುಡಬಹುದು.

7. ದುಡ್ಡು ಎಲ್ಲಿ ಹಾಕಬೇಕು

ಫೋನಿನಲ್ಲಿ ಜ್ಯಾಕ್ ಇದ್ದು, ಸುಯ್ ಇಲ್ಲದೆ, ಸಾಕಷ್ಟು ಜೋರಾಗಿ ಕೇಳುತ್ತಿದ್ದರೆ ಡಾಂಗಲ್ ಬೇಡವೇ ಬೇಡ. ಜ್ಯಾಕ್ ಇಲ್ಲದಿದ್ದರೆ ಸಾವಿರದ ಆಸುಪಾಸಿನ ಆ್ಯಪಲ್ ಟೈಪ್-ಸಿ ಅಡಾಪ್ಟರ್ ಸ್ವಚ್ಛವಾದ ಸದ್ದು ಕೊಡುತ್ತದೆ. ಆದರೆ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದರ ವಾಲ್ಯೂಮ್ ಪೂರ್ತಿ ತೆರೆಯುವುದಿಲ್ಲ, ಸದ್ದು ಸಣ್ಣಗಾಗುತ್ತದೆ. ಆಂಡ್ರಾಯ್ಡ್‌ನವರು ಬೇರೆ ಕಂಪನಿಯದನ್ನು ನೋಡುವುದು ಲೇಸು. ಫೋನಿನಲ್ಲಿ ಮಾತಾಡಲೂ ಬೇಕಿದ್ದರೆ ಡಾಂಗಲ್ ಮೈಕ್ ಒಪ್ಪುತ್ತದಾ ಅಂತ ಕೇಳಿ, ಕೆಲವು ಒಪ್ಪುವುದಿಲ್ಲ. ಚಾರ್ಜ್ ಮಾಡುತ್ತಾ ಕೇಳುವವರಿಗೆ ಕ್ಯೂಡೆಲಿಕ್ಸ್, ಫಿಯೋ ಕಂಪನಿಗಳ ಬ್ಲೂಟೂತ್ ಡ್ಯಾಕ್‌ಗಳಿವೆ.

ಐಇಎಂಗೆ ಎರಡು ಸಾವಿರದ ಆಸುಪಾಸಿನಲ್ಲೇ ಮೂನ್‌ಡ್ರಾಪ್ ಚು 2, ಸೆವೆನ್‌ಹರ್ಟ್ಸ್ ಜೀರೋ 2 ಥರದವು ಸಿಗುತ್ತವೆ. ಎರಡರಲ್ಲೂ ವೈರು ಕಳಚಬಹುದು. ಅದಕ್ಕಿಂತ ಮೇಲೆ ಹೋಗುವ ಮೊದಲು, ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಎಂಬ ಈಕ್ವಲೈಜರ್ ಆ್ಯಪ್ ಹಾಕಿ ನಿಮ್ಮ ಐಇಎಂ ಹೆಸರು ಹುಡುಕಿ. ಅದರದೇ ತಿದ್ದುಪಡಿ ಸಿದ್ಧವಾಗಿ ಸಿಗಬಹುದು. ಹೊಸ ಡ್ಯಾಕ್ ಮಾಡದ ಬದಲಾವಣೆಯನ್ನು ಇದು ಪುಕ್ಕಟೆಯಾಗಿ ಮಾಡುತ್ತದೆ. ಆನ್‌ಲೈನ್‌ನಲ್ಲಿ ತರಿಸುವ ಮೊದಲು ವಾಪಸ್ ನಿಯಮ ಓದಿ. ಕಿವಿಗೆ ಹಾಕಿದ ಮಾಲನ್ನು ಸ್ವಚ್ಛತೆಯ ಕಾರಣಕ್ಕೆ ವಾಪಸ್ ತೆಗೆದುಕೊಳ್ಳದವರು ಇದ್ದಾರೆ.

ಕೊಂಡ ಮೇಲೆ ಒಂದು ಕಡೆ ಸದ್ದು ಕಡಿಮೆಯಾದರೆ ಕೂಡಲೇ ಸರ್ವಿಸ್‌ಗೆ ಓಡಬೇಡಿ. ನಾಝಲ್ ಬಾಯಿಯ ಜಾಲರಿಯಲ್ಲಿ ಗುಗ್ಗೆ ಕಟ್ಟಿರಬಹುದು. ಟಿಪ್ ತೆಗೆದು, ಬಾಯಿ ಕೆಳಗೆ ಮಾಡಿ, ಒಣ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಸೂಜಿ ಹಾಕಬೇಡಿ, ನೀರೂ ಬೇಡ. ಆಗಲೂ ಸರಿಹೋಗದಿದ್ದರೆ ವೈರಿನ ಎಡಬಲ ಅದಲುಬದಲು ಮಾಡಿ ಚುಚ್ಚಿ. ತೊಂದರೆ ಇನ್ನೊಂದು ಕಿವಿಗೆ ಹೋದರೆ ವೈರು ಹಾಳು, ಹೊಸ ವೈರು ತನ್ನಿ. ಅದೇ ಐಇಎಂನಲ್ಲಿ ಉಳಿದರೆ ಬಿಲ್ ಹುಡುಕಿ, ವಾರಂಟಿಗೆ ಕೊಡಿ.